ದರ್ಬಾರ್ ಖಾನಾವಳಿಯ ಬಣ್ಣದ ರಾಜ

ಬಾಗಿಲಲ್ಲಿ ರಾಕ್ಷಸ ನಿಂತಿದ್ದ.

ಕೆಂಪು ಮುಖ. ಹುಬ್ಬಿನಿಂದ ಕಿವಿಯವರೆಗೆ ಎಳೆದ ಕಪ್ಪು ಗೆರೆ. ಕೆನ್ನೆಯ ಮೇಲೆ ಹುರಿ ಮಾಡಿದ ಮೀಸೆ. ಸೊಂಟದಲ್ಲಿ ಕತ್ತಿ.

ಮಟಮಟ ಮಧ್ಯಾಹ್ನ. ಮೊರಬದ ಬಸ್ ಸ್ಟ್ಯಾಂಡಿನ ಎದುರು ಸಾಲಿನ ಅಂಗಡಿಗಳೆಲ್ಲ ಊಟಕ್ಕೆಂದು ಬಾಗಿಲು ಎಳೆದಿದ್ದವು. ಕರೆಂಟು ಹೋಗಿ ಹೊಲಿಗೆ ಯಂತ್ರ ನಿಂತಿತ್ತು. ರೋಹಿಣಿ ಒಬ್ಬಳೇ ಯಾರದೋ ಕುಪ್ಪಸಕ್ಕೆ ಹುಕ್ಕು ಹಚ್ಚುತ್ತ ಕುಳಿತಿದ್ದಳು. ಬೆಳಕಿಗೆ ಅಡ್ಡವಾಗಿ ನೆರಳು ಬಿತ್ತು. ತಲೆ ಎತ್ತಿದಳು...

ಕೈಗೆ ಸಿಕ್ಕಿದ್ದು ದೊಡ್ಡ ಕತ್ತರಿ.

ಚಿಕ್ಕವಳಿದ್ದಾಗ ಅಜ್ಜಿ ಹೇಳುತ್ತಿದ್ದ ಒಂದು ಕಥೆಯಲ್ಲಿ ರಾಕ್ಷಸ ಹೀಗೇ ಬರುತ್ತಿದ್ದ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹೊಸ್ತಿಲಲ್ಲಿ ನಿಂತು ನೀರು ಕೇಳುತ್ತಿದ್ದ. ನೀರು ಕೊಟ್ಟ ಹುಡುಗಿಯನ್ನು ಎತ್ತಿಕೊಂಡು ಹೋಗಿಬಿಡುತ್ತಿದ್ದ.

"ಎಲೈ ಸೂಜಿಯ ಸಾಮ್ರಾಜ್ಞಿಯೇ," ಎಂದಿತು ಆ ಕೆಂಪು ಮುಖ, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ. "ಬಾಯಾರಿ ಬಂದಿದ್ದೇವೆ. ಮೊದಲು ಒಂದು ಗುಟುಕು ನೀರು. ಬಳಿಕ ನಮ್ಮ ಮಾನವನ್ನು ಕಾಪಾಡು."

"ಮುಂದ ಬಂದ್ರ ಚುಚ್ಚತೇನಿ ನೋಡ್ರಿ," ಎಂದಳು ರೋಹಿಣಿ. ಕತ್ತರಿಯನ್ನು ಅವನತ್ತ ಚಾಚಿದಳು.

"ಚುಚ್ಚಲೇಬೇಕು. ನಾವು ಬಂದಿದ್ದೇ ಅದಕ್ಕೆ."

ಅವನು ನಿಧಾನವಾಗಿ ಬೆನ್ನು ತಿರುಗಿಸಿದ. ಜರಿಯ ಕೋಟು ಕುತ್ತಿಗೆಯಿಂದ ಸೊಂಟದವರೆಗೆ ಹರಿದು ಬಾಯಿ ಬಿಟ್ಟಿತ್ತು. ಒಳಗೆ ಬೆವರಿಗೆ ಅಂಟಿಕೊಂಡ ಬನಿಯನ್ನು. ಅದರ ಮೇಲೆ ಅರಿಸಿನದ ಕಲೆ.

ರಾಕ್ಷಸರು ಬನಿಯನ್ನು ಹಾಕುತ್ತಾರೆಯೇ? ರೋಹಿಣಿಗೆ ನಗು ಬರಬೇಕಿತ್ತು. ಬರಲಿಲ್ಲ.

"ಕೋಟ ತಗದು ಕೊಡ್ರಿ."

"ತೆಗೆದರೆ ರಾಜ ಎಲ್ಲಿ ಉಳಿದಾನು? ಅಲ್ಲಿ ಪ್ರಜೆಗಳು ರೊಟ್ಟಿ ಮುರಿದುಕೊಂಡು ಕಾಯುತ್ತಿದ್ದಾರೆ. ಮೈಮೇಲೆಯೇ ಹೊಲಿ."

ಸ್ಟೂಲಿನ ಮೇಲೆ ಕೂತವನ ಬೆನ್ನಿಗೆ ಅವಳು ಉಸಿರು ಬಿಗಿಹಿಡಿದು ಹೊಲಿಗೆ ಹಾಕಿದಳು. ಕಡೆಗೆ ದಾರ ಕಡಿಯಲು ಬಗ್ಗಿದಾಗ ಬಣ್ಣದ ವಾಸನೆ, ಒಗ್ಗರಣೆಯ ವಾಸನೆ ಎರಡೂ ಒಟ್ಟಿಗೆ ಬಂದವು. ಅವನು ಎದ್ದು, ಮೀಸೆ ತಿರುವಿ, ಅವಳು ಚಾಚಿದ ಮಣ್ಣಿನ ಮಗಿಯ ನೀರನ್ನು ಗಟಗಟ ಕುಡಿದು, ಗೊಂಡೆ ಕಟ್ಟಿದ ಬುಲೆಟ್ ಏರಿ ಹೋದ.

ಧೂಳು ಇಳಿದ ಮೇಲೆ ರೋಹಿಣಿಗೆ ಹೊಳೆಯಿತು. ನೀರು ಕೊಟ್ಟುಬಿಟ್ಟಿದ್ದಳು.

ಅವನ ಹೆಸರು ಸಿದ್ಧಾರೂಢ. ಮೊರಬ ಕ್ರಾಸಿನಲ್ಲಿರುವ ದರ್ಬಾರ್ ಖಾನಾವಳಿಯ ಮಾಲಕ.

ಹುಟ್ಟಿದ್ದು ನಾಟಕ ಕಂಪನಿಯಲ್ಲಿ. ಅಪ್ಪ ಕಂಪನಿಯ ಮಾಲಕ, ಹೀರೋ ಎರಡೂ. ತಾಯಿ ಕಸ್ತೂರೆವ್ವ ಹೀರೋಯಿನ್. ಅಣ್ಣಿಗೇರಿ, ಕುಂದಗೋಳ, ನವಲಗುಂದ ಎಂದು ಕಂಪನಿ ಕ್ಯಾಂಪು ಹೊಡೆಯುತ್ತ ಹೋದಂತೆ ಈ ಕೂಸು ವೇಷದ ಬಟ್ಟೆಗಳ ಪೆಟಾರಿಯಲ್ಲಿ, ರೇಷ್ಮೆ ಸೀರೆಗಳ ಮೇಲೆ ಮಲಗಿ ಬೆಳೆಯಿತು. ಆಮೇಲೆ ಖುರ್ಚಿಗಳು ಖಾಲಿ ಉಳಿಯತೊಡಗಿದವು. ಅಪ್ಪ ತೀರಿಕೊಂಡ. ಕಂಪನಿ ಮುಚ್ಚಿತು.

ಉಳಿದವರು ಪರದೆಗಳನ್ನು ಮಾರೋಣ ಎಂದರು. ಸಿದ್ಧಾರೂಢ ಮಾರಲಿಲ್ಲ. ಎಲ್ಲವನ್ನೂ ಲಾರಿಗೆ ಹೇರಿಕೊಂಡು ಬಂದು ಖಾನಾವಳಿ ಕಟ್ಟಿದ. ಒಂದು ಗೋಡೆಗೆ ಅರಮನೆಯ ಪರದೆ, ಇನ್ನೊಂದು ಗೋಡೆಗೆ ಕಾಡಿನ ಪರದೆ. ಗಲ್ಲಾದ ಹಿಂದೆ ಸಿಂಹಾಸನ. ಕಂಪನಿಯಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದ ಇಮಾಮುದ್ದೀನ ಕಾಕಾ ಇಲ್ಲಿಯೂ ಮೂಲೆಯಲ್ಲಿ ಪೇಟಿ ಹಿಡಿದು ಕೂತ. ಗಂಟೆ ಬಾರಿಸದೆ ಊಟ ಶುರುವಿಲ್ಲ. ಗಂಟೆಯಾದ ಮೇಲೆ ಒಂದೊಂದು ಪದಾರ್ಥಕ್ಕೂ ರಂಗಪ್ರವೇಶ.

"ಎಣಗಾಯಿ ಮಹಾರಾಜರು ಚಿತ್ತೈಸುತ್ತಿದ್ದಾರೆ... ಹಿಂದೆಯೇ ಕೆಂಪು ಖಾರದ ಖಳನಾಯಕ... ದಾರಿ ಬಿಡಿ, ದಾರಿ ಬಿಡಿ..."

"ಮಹಾರಾಜರು ಬರೂತನಾ ನಮ್ಮ ರೊಟ್ಟಿ ಆರತಾವ್ರಿ, ಲಗೂ ಕಳಸ್ರಿ ಅವರನ್ನ," ಎಂದು ಹತ್ತಿ ಗಾಡಿಯ ಡ್ರೈವರನೊಬ್ಬ ಕೂಗಿದರೆ ಇಡೀ ಖಾನಾವಳಿ ನಗುತ್ತಿತ್ತು. ಹುಬ್ಬಳ್ಳಿಯಿಂದ ಜನ ಕಾರು ಮಾಡಿಕೊಂಡು, ಮೊಬೈಲು ಎತ್ತಿ ಹಿಡಿದುಕೊಂಡು ಬರುತ್ತಿದ್ದರು.

ಆದರೆ ಬಣ್ಣವಿಲ್ಲದ ಸಿದ್ಧಾರೂಢನನ್ನು ಊರಲ್ಲಿ ಯಾರೂ ನೋಡಿರಲಿಲ್ಲ. ಸಂತೆಗೆ ಹೋಗುವವಳು ಕಸ್ತೂರೆವ್ವ. ಹಾಲು ತರುವವನು ಇಮಾಮುದ್ದೀನ. ಬಣ್ಣ ಹಚ್ಚದೆ ಅವನು ಹೊರಗೇ ಬರುತ್ತಿರಲಿಲ್ಲ. ಮಲಗುವಾಗಲೂ ಮೀಸೆ ತೆಗೆಯುವುದಿಲ್ಲವಂತೆ ಎಂದು ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಕೋಟು, ಪೇಟ, ಮೇಲಂಗಿಗಳ ಹೊಲಿಗೆ ರೋಹಿಣಿಯ ಪಾಲಿಗೆ ಬಂತು. ಕೊಡಲು ಹೋದಾಗಲೆಲ್ಲ ಅವಳನ್ನು ಕಾಡಿನ ಪರದೆಯ ಬಾಜು ಕೂರಿಸಿ, "ಹೋಳಿಗೆ ರಾಜಕುಮಾರಿ ತಂಗಿಯನ್ನು ಕಾಣಲು ಬಂದಿದ್ದಾಳೆ" ಎಂದು ತಟ್ಟೆ ಕಳಿಸುತ್ತಿದ್ದ.

ಮೊದಲ ಸಲ ಹೋದಾಗ ಗಂಟೆ ಹೊಡೆದ ಸಪ್ಪಳಕ್ಕೆ ಅವಳು ಬೆಚ್ಚಿ, ತಟ್ಟೆ ಕೈಬಿಟ್ಟಿದ್ದಳು. ಮುಂದಿನ ಸಲದಿಂದ ಅವಳು ಒಳಗೆ ಕಾಲಿಟ್ಟರೆ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿರುತ್ತಿತ್ತು. ಯಾರು ಸುತ್ತಿದರು ಎಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ. ಊರೆಲ್ಲ ಡಂಗುರ ಹೊಡೆದು ಮಾತಾಡುವವನು ಆ ಒಂದನ್ನು ಮಾತ್ರ ಬಾಯಿ ಬಿಡದೆ ಮಾಡಿದ್ದ.

ಆ ಬಟ್ಟೆ ಸುತ್ತಿದ ಗಂಟೆಯನ್ನು ಮೊದಲು ಕಂಡ ದಿನ ಮನೆಗೆ ನಡೆದು ಬರುವಾಗ ರೋಹಿಣಿಗೆ ಗೊತ್ತಾಯಿತು. ತನಗೆ ಏನೋ ಆಗಿಬಿಟ್ಟಿದೆ. ಗೊತ್ತಾದ ಕೂಡಲೇ ಹೆದರಿದಳು.

ಏಕೆಂದರೆ ಅವಳ ಮನೆಯಲ್ಲಿ ನಾಟಕ ಎಂಬ ಶಬ್ದವನ್ನೇ ಯಾರೂ ಆಡುತ್ತಿರಲಿಲ್ಲ.

ತಾಯಿ ಇಲ್ಲದ ರೋಹಿಣಿಯನ್ನು ಸಾಕಿದವಳು ನಂದಾ ಅತ್ತಿ, ಅಪ್ಪನ ತಂಗಿ. ವಯಸ್ಸಿನಲ್ಲಿ ಅತ್ತಿ ಬೇರೆ ಯಾವುದೋ ಕಂಪನಿಯ ನಟನೊಬ್ಬನ ಮಾತು ನಂಬಿದ್ದಳು. ಕ್ಯಾಂಪು ಎತ್ತುವ ದಿನ ಬಂದು ಕರೆದೊಯ್ಯುತ್ತೇನೆ ಎಂದಿದ್ದ. ಅತ್ತಿ ಬಟ್ಟೆ ಗಂಟು ಕಟ್ಟಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತಿದ್ದಳಂತೆ. ಕಡೆಗೆ ಅಣ್ಣನೇ ಹೋಗಿ ಕರೆತಂದ. ಆಮೇಲೆ ಅವಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಅವಳೂ ಬೇಕೆನ್ನಲಿಲ್ಲ.

ರೋಹಿಣಿಯ ಅಪ್ಪ ಶಂಕ್ರಪ್ಪ ಮಾತು ಕಡಿಮೆಯ ಮನುಷ್ಯ. ಬೀಜ ಗೊಬ್ಬರದ ಅಂಗಡಿ, ಊರ ಹೊರಗೆ ಹೊಲ, ಬೆಳಿಗ್ಗೆ ಸಂಜೆ ಲಿಂಗಪೂಜೆ. ಸಿಟ್ಟು ಬಂದರೆ ಬೈಯುತ್ತಿರಲಿಲ್ಲ. ಸುಮ್ಮನಾಗುತ್ತಿದ್ದ. ಆ ಮೌನಕ್ಕೇ ಮನೆಯವರೆಲ್ಲ ನಡುಗುತ್ತಿದ್ದರು.

ಅವನಿಗೆ ಗೊತ್ತಾದರೆ? ಗೊತ್ತಾಗಲು ಏನಿದೆ, ಹೋಳಿಗೆ ತಿಂದದ್ದು ಬಿಟ್ಟು? ರೋಹಿಣಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಒಂದು ಭಾನುವಾರ ಆ ಸಮಾಧಾನವೂ ಹೋಯಿತು.

ಖಾನಾವಳಿ ತುಂಬಿ ತುಳುಕುತ್ತಿತ್ತು. ಹೊಸ ಮೇಲಂಗಿ ಕೊಟ್ಟು ಓಡಬೇಕೆಂದು ಅವಳು ಒಳಗೆ ಬಂದಳು. ಸಿದ್ಧಾರೂಢ ಸಿಂಹಾಸನದಿಂದ ಇಳಿದು, ಮೇಲಂಗಿಯನ್ನು ಹೆಗಲಿಗೆ ಹಾಕಿಸಿಕೊಂಡ. ಮರುಗಳಿಗೆಯೇ ಅವಳ ಮುಂದೆ ಮಂಡಿಯೂರಿದ.

ಪೇಟಿ ನಿಂತಿತು.

"ಪ್ರಜೆಗಳೇ, ಕೇಳಿ. ಈ ರಾಜನ ಹರಿದ ಬೆನ್ನನ್ನು ಹೊಲಿದವಳು ಇವಳು. ಈ ಅರಮನೆಗೆ ರಾಣಿ ಎಂದು ಬಂದರೆ ಇವಳೇ ಬರಬೇಕು. ಇಲ್ಲವಾದರೆ ಈ ಸಿಂಹಾಸನದ ಎಡಗಡೆ ಬರಿದಾಗಿಯೇ ಇರಲಿ. ದೇವಿ, ನಮ್ಮನ್ನು ವರಿಸುವೆಯಾ?"

ಸೀಟಿಗಳು, ಚಪ್ಪಾಳೆ. ಎಲ್ಲೆಲ್ಲೂ ಎತ್ತಿದ ಮೊಬೈಲುಗಳು... ರೋಹಿಣಿ ಓಡಣಿಯಿಂದ ಮುಖ ಮುಚ್ಚಿಕೊಂಡಳು. ಓಡಿದವಳು ನಿಂತದ್ದು ತನ್ನ ಅಂಗಡಿಯ ಬಾಗಿಲಲ್ಲೇ. ಒಳಗೆ ಹೋಗಿ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

ಭಯದ ಅಡಿಯಲ್ಲಿ ಇನ್ನೇನೋ ಒಂದು ಸಣ್ಣಗೆ ಹಾಡುತ್ತಿತ್ತು. ಅವನು ಕೇಳಿದ್ದಾನೆ... ಎಲ್ಲರ ಮುಂದೆ ಕೇಳಿದ್ದಾನೆ...

ಮರುದಿನದ ಹೊತ್ತಿಗೆ ಆ ವಿಡಿಯೋ ಊರಿನ ಮೊಬೈಲುಗಳಲ್ಲೆಲ್ಲ ಓಡುತ್ತಿತ್ತು. ಹುಡುಗಿಯ ಮುಖ ಕಾಣುವುದಿಲ್ಲ. ಹಸಿರು ಓಡಣಿ ಮಾತ್ರ. ರೋಹಿಣಿ ಆ ಓಡಣಿಯನ್ನು ಗಾದಿಯ ಕೆಳಗೆ ತುರುಕಿದಳು.

ಆ ಸಂಜೆ ಅಪ್ಪ ಊಟಕ್ಕೆ ಕೂತು, ತಟ್ಟೆ ನೋಡುತ್ತಲೇ ಹೇಳಿದ. "ದೇವಿಕೊಪ್ಪದ ಮಂದಿ ಈ ಐತವಾರ ಬರತಾರ. ಹುಡುಗ ಕಲಘಟಗಿಯೊಳಗ ಕಾಳಿನ ವ್ಯಾಪಾರ ಮಾಡತಾನ. ಮನಸಿಗೆ ಬಂದ್ರ ಅವತ್ತ ಮಾತು ಮುಗಸೂದು."

"ದೀಪಾವಳಿ ಆದ ಮ್ಯಾಲೆ ಅಂದಿದ್ರಲ್ಲ ಅಪ್ಪಾ..."

ಅಪ್ಪ ತನ್ನ ಮೊಬೈಲನ್ನು ಅವಳತ್ತ ಸರಿಸಿದ. ಸುಮ್ಮನಾದ.

ಮೊಬೈಲಿನಲ್ಲಿ ಹುಡುಗನ ಫೋಟೋ ಇತ್ತು. ಬೈಕಿನ ಮೇಲೆ ಕೂತಿದ್ದ. ಅರ್ಧ ಮುಖವೆಲ್ಲ ಕಪ್ಪು ಕನ್ನಡಕ.

ಆ ಮನುಷ್ಯ ಕೆಟ್ಟವನಿರಲಿಕ್ಕಿಲ್ಲ. ಬೇಡ ಎನ್ನಲು ಅವಳ ಬಳಿ ಇದ್ದದ್ದು ಒಂದೇ ಕಾರಣ. ಸಿದ್ಧಾರೂಢ ಆಡಿದ ಮಾತು. ಅದನ್ನು ಹಿಡಿದುಕೊಂಡು ಅಪ್ಪನ ಎದುರು ನಿಲ್ಲಬಹುದೇ?

ಕೇಳಿಯೇಬಿಡುತ್ತೇನೆ ಎಂದು ಮರುದಿನ ಖಾನಾವಳಿಗೆ ಹೋದಳು. ಅವನು ಎಣ್ಣೆ ಡಬ್ಬಿ ತರಲು ಅಣ್ಣಿಗೇರಿಗೆ ಹೋಗಿದ್ದ. ಇಮಾಮುದ್ದೀನ ಕಾಕಾ ಪೇಟಿಯ ಧೂಳು ಒರೆಸುತ್ತ ಕೂತಿದ್ದ.

"ಕಾಕಾ, ಅವತ್ತ ಅವರು ಹೇಳಿದ್ದು..."

"ಅದಕ್ಕ್ಯಾಕ ಇಷ್ಟ ಮಾರಿ ಸಣ್ಣ ಮಾಡ್ಕೊಂಡೀ ತಂಗಿ?" ಮುದುಕ ನಕ್ಕ. "ಮನಸಿಗೆ ಹಚ್ಕೋಬ್ಯಾಡ. ಕಂಪನ್ಯಾಗ ಒಂದು ಕಾಯ್ದೆ ಇತ್ತು. ಬಣ್ಣ ಹಚ್ಕೊಂಡ ಮ್ಯಾಲೆ ಯಾರು ಏನು ಅಂದ್ರೂ ಲೆಕ್ಕಕ್ಕಿಲ್ಲ. ಬೈದ್ರೂ ಅಷ್ಟ, ಆಣಿ ಮಾಡಿದ್ರೂ ಅಷ್ಟ. ಬಣ್ಣ ತೊಳದು ಬಂದು ಹೇಳಿದ್ರ ಅದು ಮಾತು. ಇವರಪ್ಪ ನನ್ನ ಪಗಾರ ಹೆಚ್ಚ ಮಾಡತೇನಿ ಅಂತ ಯಾವಾಗಲೂ ಬಣ್ಣ ಹಚ್ಕೊಂಡ ಹೇಳತಿದ್ದ ನೋಡು."

ರೋಹಿಣಿ ಅವನ ಎದುರು ಕೂತಳು.

"ಇವರೂ... ಆ ಕಾಯ್ದೆ ನಡಸತಾರೇನು?"

"ಕಂಪನ್ಯಾಗ ಹುಟ್ಟಿದಾಂವ, ನಡಸದ ಏನ ಮಾಡತಾನ? ಬಣ್ಣ ಇಲ್ಲದ ಅವನ ಬಾಯಾಗಿನ ಮಾತು ಕೇಳಿದಾವರು ನಾ ಒಬ್ಬ, ಅವರವ್ವ ಒಬ್ಬಾಕಿ. ಮತ್ತ ಯಾರೂ ಇಲ್ಲ."

ಅಂದರೆ ಅವನು ಆಡುವುದೆಲ್ಲ ನಾಟಕ. ಹೋಳಿಗೆ ರಾಜಕುಮಾರಿ ನಾಟಕ. ಸೂಜಿಯ ಸಾಮ್ರಾಜ್ಞಿ ನಾಟಕ. ಮಂಡಿಯೂರಿದ್ದೂ...

ಬಿಸಿಲಲ್ಲಿ ನಡೆದು ಬರುತ್ತಿದ್ದರೂ ಅವಳಿಗೆ ಚಳಿಯಾಗುತ್ತಿತ್ತು. ಬಸ್ ಸ್ಟ್ಯಾಂಡಿನ ಕಲ್ಲಿನ ಬೆಂಚನ್ನು ದಾಟುವಾಗ ಅಲ್ಲಿ ಗಂಟು ಹಿಡಿದು ಕೂತ ಹುಡುಗಿಯೊಬ್ಬಳು ಕಂಡಂತಾಯಿತು. ಯಾರೂ ಇರಲಿಲ್ಲ.

ಶನಿವಾರ ನಸುಕಿನಲ್ಲಿ ನಂದಾ ಅತ್ತಿ ಅವಲಕ್ಕಿ ಆರಿಸುತ್ತ ಕೂತಿದ್ದಳು. ರೋಹಿಣಿ ಎದುರಿಗೆ ಕೂತು ತಾನೂ ಕೈ ಹಾಕಿದಳು. ಅವಲಕ್ಕಿ ಮೊರದಾಚೆ ಚೆಲ್ಲಿತು.

"ಹಸರ ಓಡಣಿ ಗಾದಿ ಬುಡಕ ಯಾಕಿಟ್ಟೀಯವ್ವ?" ಎಂದಳು ಅತ್ತಿ, ಮೊರದಿಂದ ತಲೆ ಎತ್ತದೆ.

ರೋಹಿಣಿಯ ಕಣ್ಣಿಂದ ನೀರು ಸುರಿಯಿತು. ಎಲ್ಲವನ್ನೂ ಹೇಳಿದಳು. ಬಣ್ಣದ ಕಾಯ್ದೆಯನ್ನು ಹೇಳಿದಾಗ ಮಾತ್ರ ಅತ್ತಿಯ ಕೈ ನಿಂತಿತು.

"ಅದು ನನಗೂ ಗೊತ್ತೈತಿ," ಅತ್ತಿ ಮೆಲ್ಲಗೆ ಹೇಳಿದಳು. "ಅವನೂ ಬಣ್ಣ ಹಚ್ಕೊಂಡ ಹೇಳಿದ್ದ. ನನಗ ಒಳಗ ಸಂಶೇ ಇತ್ತು, ರೋಹಿಣಿ. ಮಾರಿ ತೊಳದು ಬಂದು ಇನ್ನೊಮ್ಮೆ ಹೇಳು ಅನ್ನಬೇಕಿತ್ತು. ಅನ್ನಲಿಲ್ಲ."

"ಯಾಕ ಅತ್ತಿ?"

"ಇಲ್ಲ ಅಂದುಬಿಟ್ರ ಅಂತ ಅಂಜಿಕಿ."

ಹೊರಗೆ ಟ್ರ್ಯಾಕ್ಟರೊಂದು ಹಾದುಹೋಯಿತು.

"ನೀ ಕೇಳು," ಎಂದಳು ಅತ್ತಿ. "ಇಲ್ಲ ಅಂದ್ರ ಇಲ್ಲೇ ನನ್ನ ಬಾಜು ಕುಂತು ಅಳಾಕ ಬರತೈತಿ. ಕೇಳಲಿಲ್ಲ ಅಂದ್ರ ಅಳಾಕೂ ಬರೂದಿಲ್ಲ."

ರೋಹಿಣಿ ಖಾನಾವಳಿಗೆ ಹೋದಾಗ ಸಿದ್ಧಾರೂಢ ಹಿತ್ತಿಲ ಒಲೆಯ ಮುಂದೆ, ಕಿರೀಟ ಹಾಕಿಕೊಂಡೇ ಎಣಗಾಯಿಯ ರುಚಿ ನೋಡುತ್ತಿದ್ದ. ಅವಳನ್ನು ಕಂಡು ಮುಖವೆಲ್ಲ ಅರಳಿತು. ಕೈಯಲ್ಲಿದ್ದ ಸೌಟನ್ನೇ ಕತ್ತಿಯಂತೆ ಎತ್ತಿದ.

"ಬಂದೆಯಾ ದೇವಿ? ಏಳು ಹಗಲು..."

"ನಾಟಕ ಸಾಕ್ರಿ." ತನ್ನದೇ ದನಿ ಅವಳಿಗೆ ಪರಕೀಯವಾಗಿ ಕೇಳಿತು. "ಐತವಾರ ಹೇಳಿದ್ದು ಖರೇನೋ ಸುಳ್ಳೋ?"

"ರಾಜನ ಮಾತಿಗೆ ಎರಡುಂಟೇ?"

"ರಾಜಾನ ಕೇಳಾಕ ನಾ ಬಂದಿಲ್ಲ. ನಿಮ್ಮನ್ನ ಕೇಳಾಕ ಬಂದೇನಿ."

ಅವನು ಬಾಯಿ ತೆರೆದ. ಮುಚ್ಚಿದ.

"ನಾಳೆ ಮುಂಜಾನೆ ದೇವಿಕೊಪ್ಪದಿಂದ ನನ್ನ ನೋಡಾಕ ಮಂದಿ ಬರತಾರ. ನಾಳೇನ ಮಾತು ಮುಗಸತಾರ. ನೀವು ಹೇಳಿದ್ದು ಖರೇ ಇದ್ರ ಮಾರಿ ತೊಳಕೊಂಡು, ಅವರು ಬರೂಕಿಂತ ಮದಲ ನಮ್ಮನಿಗೆ ಬರ್ರಿ. ನಮ್ಮಪ್ಪನ ಮುಂದ ಹೇಳ್ರಿ. ಸುಳ್ಳಿದ್ರ ಬರಬ್ಯಾಡ್ರಿ. ನಾನೂ ಮತ್ತ ಬರೂದಿಲ್ಲ."

ಸೌಟು ಕೈಯಿಂದ ಜಾರಿ ಬಿತ್ತು. ಬಣ್ಣದ ನಡುವಿನ ಆ ಎರಡು ಕಣ್ಣುಗಳಲ್ಲಿ ಅವಳು ಎಂದೂ ನೋಡದ ಏನೋ ಇತ್ತು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಒಂದೇ ಒಂದು ಮಾತೂ ಆಡಲಿಲ್ಲ.

ಇಷ್ಟೊಂದು ಮಾತಿನ ಮನುಷ್ಯ... ಈಗ ಒಂದು ಮಾತಿಲ್ಲ.

ಉತ್ತರ ಸಿಕ್ಕಿತು ಎಂದುಕೊಂಡಳು ರೋಹಿಣಿ.

ಭಾನುವಾರ ಬೆಳಿಗ್ಗೆ ಅತ್ತಿ ಅವಳಿಗೆ ಇಳಕಲ್ ಸೀರೆ ಉಡಿಸಿದಳು. ನಿರಿಗೆ ಹಿಡಿಯುವಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಪಕ್ಕದ ಮನೆಯ ಹಲೀಮಾಬಿ ಮೊಸರು ಕೊಡಲು ಬಂದವಳು ಹೇಳಿದಳು, "ಇವತ್ತ ದರ್ಬಾರ ಬಂದ್ ಐತಂತ ನೋಡ್ರಿ. ಐತವಾರ ಎಂದೂ ಬಂದ್ ಇರಲಿಲ್ಲ. ಹುಬ್ಬಳ್ಳಿ ಮಂದಿ ಕಾರ್ ತಿರಗಿಸ್ಕೊಂಡ ಹೊಂಟಾರ."

ಓಡಿಹೋಗಿದ್ದಾನೆ. ಪರದೆ ಸುತ್ತಿಕೊಂಡು, ಕ್ಯಾಂಪು ಎತ್ತಿ, ಹೋಗಿಬಿಟ್ಟಿದ್ದಾನೆ.

ರೋಹಿಣಿಯ ಕಿವಿ ಮಾತ್ರ ಬುಲೆಟ್ಟಿನ ಸಪ್ಪಳಕ್ಕೆ ಕಾಯುತ್ತಲೇ ಇತ್ತು. ಹಾಲಿನ ಗಾಡಿ ಬಂತು. ಅಣ್ಣಿಗೇರಿ ಬಸ್ಸು ಹೋಯಿತು. ಬುಲೆಟ್ಟು ಬರಲಿಲ್ಲ.

ಹೊರಗೆ ಚಪ್ಪಲಿ ಬಿಡುವ ಸದ್ದು. ಅಪ್ಪನ ದನಿ.

"ಬರ್ರಿ, ಬರ್ರಿ. ಲಗೂನ ಬಂದ್ರಿ. ಒಬ್ಬರ ಬಂದ್ರೇನು? ಹಿರ್ಯಾರು ಹಿಂದ ಬರಾಕತ್ತಾರೇನು? ಕುಂದರ್ರಿ. ನಂದಾ, ಹುಡುಗ ಬಂದಾನ, ನೀರ ತಗೊಂಬಾ."

ಮುಗಿಯಿತು. ದೇವಿಕೊಪ್ಪದವರು ಬಂದೇಬಿಟ್ಟರು.

ಅತ್ತಿ ಅವಲಕ್ಕಿಯ ತಟ್ಟೆಯನ್ನು ಅವಳ ಕೈಗಿಟ್ಟು ಹೊರಗೆ ಕರೆತಂದಳು. ರೋಹಿಣಿ ತಲೆ ತಗ್ಗಿಸಿ ತಟ್ಟೆ ಚಾಚಿದಳು. ಅದನ್ನು ತೆಗೆದುಕೊಳ್ಳಲು ಬಂದ ಕೈ ಅವಳ ಕೈಗಿಂತ ಹೆಚ್ಚು ನಡುಗುತ್ತಿತ್ತು.

ಕಣ್ಣೆತ್ತಿ ನೋಡಿದಳು. ಗುರುತಿಲ್ಲದ ಮುಖ. ಬಡಕಲು. ಮೀಸೆಯಿಲ್ಲ. ತೀರಾ ತೆಳ್ಳಗಿನ ಹುಬ್ಬು. ಬಹಳ ದಿನ ಬಿಸಿಲು ಕಾಣದವರ ಚರ್ಮ. ಬಿಳಿ ಅಂಗಿಯ ಗುಂಡಿಗಳನ್ನು ಕುತ್ತಿಗೆವರೆಗೆ ಹಾಕಿಕೊಂಡು, ಶಾಲೆಯ ಮೊದಲ ದಿನ ಅಪ್ಪನನ್ನು ಬಿಟ್ಟು ಕೂತ ಮಗುವಿನಂತೆ ಕೂತಿದ್ದ.

"ದಾರಿ ಸಿಕ್ಕತಲ್ಲ ಸರಿಯಾಗಿ?" ಶಂಕ್ರಪ್ಪ ಕೇಳಿದ. "ದೇವಿಕೊಪ್ಪದಾಗ ಮಳಿ ಹೆಂಗೈತಿ?"

ಹುಡುಗ ತುಟಿ ಅಲುಗಿಸಿದ. ಏನೂ ಬರಲಿಲ್ಲ. ಕುತ್ತಿಗೆಯ ನರ ಉಬ್ಬಿತು.

"ನಾ... ನಾ... ನಾ ದೇ... ದೇವಿಕೊ..."

ಶಂಕ್ರಪ್ಪ ಹುಬ್ಬು ಗಂಟಿಕ್ಕಿದ. ಹುಡುಗನಿಗೆ ಉಗ್ಗು ಇದೆ ಎಂದು ಯಾರೂ ಹೇಳಿರಲಿಲ್ಲ.

"...ದೇವಿಕೊಪ್ಪದಾಂವ ಅ... ಅಲ್ರಿ."

ಆ ದನಿ. ಮುರಿದು ಚೂರಾಗಿದ್ದರೂ ಅದೇ ದನಿ. ಬಸ್ ಸ್ಟ್ಯಾಂಡಿಗೆಲ್ಲ ಕೇಳಿಸುತ್ತಿದ್ದ ದನಿ ಈಗ ಒಂದು ಕೋಣೆಯನ್ನು ದಾಟಲು ಒದ್ದಾಡುತ್ತಿತ್ತು.

ಬಣ್ಣ ಇಲ್ಲದ ಅವನ ಮಾತನ್ನು ಯಾರೂ ಕೇಳಿಲ್ಲ ಎಂದರೆ ಇದು... ಇದಕ್ಕಾಗಿ...

ತಾನು ಏನು ಕೇಳಿಬಿಟ್ಟೆ ಇವನಿಂದ?

"ನಾ ಸಿ... ಸಿದ್ಧಾರೂಢ ರಿ. ದ... ದ... ಕ್ರಾಸಿನ್ಯಾಗ ಖಾನಾವಳಿ."

ಶಂಕ್ರಪ್ಪ ಸುಮ್ಮನಾದ. ಆ ಸುಮ್ಮನಿರುವಿಕೆ ಗೋಡೆಗೆ, ಜಂತಿಗೆ ಎಲ್ಲಾ ಹಬ್ಬಿತು.

"ವಿಡಿಯೋದಾಗ ಭಾರಿ ಮಾತಾಡಿದ್ದಿ," ಎಂದ ಶಂಕ್ರಪ್ಪ ಕಡೆಗೆ.

ರೋಹಿಣಿ ಗಕ್ಕನೆ ತಲೆ ಎತ್ತಿದಳು. ಅಪ್ಪ ಅವಳತ್ತ ನೋಡದೆಯೇ ಹೇಳಿದ, "ಆ ಹಸರ ಓಡಣಿ ಯುಗಾದಿಗೆ ನಾನ ಕೊಡಸೇನಿ. ಗುರ್ತ ಹತ್ತಂಗಿಲ್ಲ ಅಂದ್ಕೊಂಡಿದ್ದೇನು? ನೀನ ಬಂದು ಹೇಳತೀಯೇನು ಅಂತ ನೋಡಿದೆ. ಹೇಳಲಿಲ್ಲ. ಅದಕ್ಕ ದೇವಿಕೊಪ್ಪದವರಿಗೆ ಹೇಳಿಕಳಿಸಿದೆ." ಮತ್ತೆ ಹುಡುಗನತ್ತ ತಿರುಗಿದ. "ಅಲ್ಲಿ ಅಷ್ಟು ಮಾತು. ಇಲ್ಲಿ ಏನಾತು?"

"ಅಲ್ಲಿ ಬ... ಬಣ್ಣ ಇತ್ರಿ."

"ಇಲ್ಲಿ?"

"ಇಲ್ಲಿ ನಾ... ನಾನಷ್ಟ ಅದೇನ್ರಿ."

ಹೇಳಿ ಅವನು ತಲೆ ತಗ್ಗಿಸಿದ. ಹಣೆಯಿಂದ ಬೆವರು ಅವಲಕ್ಕಿಯ ತಟ್ಟೆಗೆ ತೊಟ್ಟಿಕ್ಕಿತು. ಆದರೆ ಏಳಲಿಲ್ಲ. ಬಾಗಿಲತ್ತ ನೋಡಲಿಲ್ಲ. ಉಸಿರು ಎಳೆದುಕೊಂಡು ಮತ್ತೆ ಶುರು ಮಾಡಿದ.

"ಐತವಾರ ಹೇ... ಹೇಳಿದ್ದು ಖರೇ ರಿ. ಹೀಂಗ ಹೇಳಾಕ ಬ... ಬರೂದಿಲ್ಲಂತ ಹಂಗ ಹೇಳಿದೆ. ತ... ತಪ್ಪಾತು. ಮಂದಿ ಮುಂದ ಅಕಿಗೆ ಅಂ... ಅಂಜಸಿದೆ. ಈಗ ನಿಮ್ಮನ್ನ ಕೇ... ಕೇಳತೇನಿ. ಅಕಿನ್ನ..."

ಮುಂದಿನ ಶಬ್ದ ಬರಲಿಲ್ಲ. ಅವನು ಒದ್ದಾಡಿದ. ಕಣ್ಣಲ್ಲಿ ನೀರು ತುಂಬಿತು.

ಶಂಕ್ರಪ್ಪ ಎದ್ದು ನಿಂತ. "ನಾಟಕದ ಮಂದಿ ಈ ಮನಿಗೆ..."

"ಅಣ್ಣಾ, ಕುಂದರು."

ಎಲ್ಲರೂ ತಿರುಗಿದರು. ನಂದಾ ಅತ್ತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅಣ್ಣನ ಮಾತಿಗೆ ಅಡ್ಡ ಮಾತಾಡಿದ್ದನ್ನು ಆ ಮನೆಯ ಗೋಡೆಗಳೂ ಕೇಳಿರಲಿಲ್ಲ.

"ಬರಲಾರದಾಂವನ್ನ ನಾ ನೋಡೇನಿ," ಎಂದಳು. "ಇಂವ ಬಂದಾನ. ಬಂದಾಂವನ್ನ ಹೊಳ್ಳಿ ಕಳಸಬ್ಯಾಡ."

ಶಂಕ್ರಪ್ಪ ತಂಗಿಯನ್ನು ಬಹಳ ಹೊತ್ತು ನೋಡಿದ. ನಿಧಾನವಾಗಿ ಕೂತ.

"ನೀ ಏನಂತಿ?" ಮಗಳನ್ನು ಕೇಳಿದ.

ಈಗ ಅವಳ ಸರದಿ. ಅಪ್ಪನ ಕಣ್ಣು ಅವಳ ಮೇಲಿತ್ತು. ಹೂಂ ಎಂದರೆ ಅಪ್ಪ ಎಂದೆಂದಿಗೂ ಸುಮ್ಮನಾದರೆ? ಈ ಬಿಳಿಚಿದ ಮುಖದ ಮನುಷ್ಯ ಯಾರೆಂದು ತನಗೆ ನಿಜವಾಗಿ ಗೊತ್ತಿದೆಯೇ? ಅರ್ಧ ಗಂಟೆಯ ಹಿಂದೆ ಈ ಮುಖವನ್ನು ನೋಡಿಯೂ ಇರಲಿಲ್ಲ...

ಆದರೆ ಆ ಮುಖ ಎಲ್ಲವನ್ನೂ ಬಿಚ್ಚಿಟ್ಟು ಕೂತಿತ್ತು. ಅದರಲ್ಲಿ ಅವಳಿಗೆ ಓದಲು ಬಾರದ್ದು ಒಂದೂ ಇರಲಿಲ್ಲ.

"ಇವರ ಜೋಡಿ ಬಾಳೇ ಮಾಡತೇನಿ ಅಪ್ಪಾ," ಎಂದಳು. ದನಿ ನಡುಗಿತು, ಆದರೆ ಕಡೆಯವರೆಗೂ ಬಂತು.

ಅಷ್ಟರಲ್ಲಿ ಶಂಕ್ರಪ್ಪನ ಮೊಬೈಲು ಬಡಿದುಕೊಂಡಿತು. ದೇವಿಕೊಪ್ಪದವರು. ಹುಬ್ಬಳ್ಳಿ ದಾಟಿದ್ದರು.

ಮೂವರೂ ಅವನ ಮುಖವನ್ನೇ ನೋಡಿದರು. ಅವನು ಅಂಗಳಕ್ಕೆ ಹೋಗಿ, ಬೆನ್ನು ತಿರುಗಿಸಿ ನಿಂತು ಮಾತಾಡಿದ. "ತಪ್ಪ ನಂದ ಐತ್ರಿ. ಮದಲ ಮನ್ಯಾಗ ಕೇಳಬೇಕಿತ್ತು, ಕೇಳಲಿಲ್ಲ. ಮಾತು ಬ್ಯಾರೆ ಕಡೆ ಆತು... ಹೌದ್ರಿ... ಬೈರಿ, ಬೈಸ್ಕೋತೇನಿ. ಆದ್ರ ಹಸಕೊಂಡ ಹೊಳ್ಳಿ ಹೋಗಬ್ಯಾಡ್ರಿ. ಬಂದು ಉಂಡ ಹೋಗ್ರಿ."

ಒಳಗೆ ಬಂದು ಸಿದ್ಧಾರೂಢನ ಮುಂದೆ ನಿಂತ.

"ಬಂದಾವರಿಗೆ ಊಟಕ್ಕ ಹಾಕೂದು ನಿನ್ನ ಕೆಲಸ ಅಲ್ಲೇನೋ? ಹೋಗಿ ದರ್ಬಾರದ ಬಾಗಿಲಾ ತಗಿ. ಅವರು ಅಲ್ಲೇ ಉಣ್ಣತಾರ. ನಿನ್ನ ಸಲುವಾಗಿ ನಾ ಬೈಸ್ಕೊಂಡೇನಿ, ಎಣಗಾಯಿ ಅಗದಿ ಛಲೋ ಇರಬೇಕು ನೋಡು." ಒಂದು ಕ್ಷಣ ತಡೆದು ಸೇರಿಸಿದ, "ಬುಧವಾರ ನಿಮ್ಮವ್ವನ್ನ ಕರಕೊಂಡ ಬಾ. ಮಾತಾಡೂಣು."

ಸಿದ್ಧಾರೂಢ ಏನೋ ಹೇಳಲು ಹೋದ. ಶಂಕ್ರಪ್ಪ ಕೈ ಎತ್ತಿದ.

"ಅವಸರ ಮಾಡಬ್ಯಾಡ. ಬುಧವಾರದ ತನಕಾ ಟೈಮ್ ಐತಿ, ಆರಾಮ ಹೇಳು."

ನಂದಾ ಅತ್ತಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ನ‌ಕ್ಕುಬಿಟ್ಟಳು.

ಅಂಗಳದ ಗೇಟಿನವರೆಗೆ ರೋಹಿಣಿ ಅವನ ಹಿಂದೆ ಬಂದಳು. ಅವನು ನಡೆದುಕೊಂಡೇ ಬಂದಿದ್ದ. ಊರ ನಡುವೆ, ಬರಿಯ ಮುಖದಲ್ಲಿ. ದಾರಿಯಲ್ಲಿ ಒಬ್ಬರೂ ಗುರುತಿಸಿರಲಿಲ್ಲವಂತೆ.

ಹೋಗಬೇಕಾದವನು ಹೋಗದೆ ಗೇಟಿನ ಕಂಬಿ ಹಿಡಿದು ನಿಂತ.

"ಈಗ ಅವರಿಗೆ ಉ... ಉಣ್ಣಾಕ ನೀಡಬೇಕು," ಎಂದ. "ಹೀಂಗ. ಎಲ್ಲಾರ ಮುಂದ."

"ಬಣ್ಣ ಹಚ್ಕೋರಿ. ನಾ ಏನೂ ಅನ್ನೂದಿಲ್ಲ. ಬಣ್ಣದಾಗಿನ ರಾಜಾನೂ ನನಗ ಬೇಕು."

ಅವನು ಯೋಚಿಸಿದ. ಇಲ್ಲವೆಂದು ತಲೆಯಾಡಿಸಿದ.

"ಇ... ಇವತ್ತ ಬ್ಯಾಡ. ಇವತ್ತ ಇದ ಇರಲಿ." ಕಂಬಿಯ ಮೇಲಿನ ಬೆರಳು ಬಿಳಿಚಿಕೊಂಡಿತ್ತು. "ಆದ್ರ ರೋ... ರೋ..."

ಅವಳಿಗೆ ತುಟಿಯವರೆಗೆ ಬಂದಿತ್ತು, ತನ್ನ ಹೆಸರನ್ನು ತಾನೇ ಪೂರ್ತಿ ಮಾಡಿಬಿಡಲು. ಮಾಡಲಿಲ್ಲ. ಕಾದಳು. ಆಚೆ ಬೀದಿಯಲ್ಲಿ ಕೋಳಿಯೊಂದು ಮರಿಗಳನ್ನು ಕರೆದುಕೊಂಡು ದಾಟಿಹೋಯಿತು.

"...ರೋಹಿಣಿ. ನನಗ ಭಾಳ ಅಂಜಿಕಿ ಬರಾಕತ್ತೈತಿ."

"ನನಗೂ ಬರಾಕತ್ತೈತಿ."

"ನಿ... ನಿನಗ್ಯಾಕ?"

"ಗೊತ್ತಿಲ್ಲ. ಮದಲಿಂದ ಬರತೈತಿ. ಇನ್ನೂ ಹೋಗಿಲ್ಲ." ಅವಳು ಗೇಟಿನ ಚಿಲಕ ತೆಗೆದಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನ ಬಾಜು ಬೀದಿಗೆ ಇಳಿದಳು. "ನಡೀರಿ, ನಾನೂ ನೀಡಾಕ ಬರತೇನಿ. ಕೂಡೇ ಅಂಜೂಣು."